ಚೀಲದ ಬಾಯಿ ಬಿಚ್ಚುವ ಮೊದಲು

ನಾನು ನಿವೃತ್ತನಾದ ಮೀನುಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ರೇಣುಕಾ ಎಂಬ ಹುಡುಗಿ ಸಂಶಿಯ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗುರುತು ಹಿಡಿದು ನಿಲ್ಲಿಸಿದಳು. ನಾನು ಚಹಾ ಕುಡಿಯುತ್ತಿದ್ದೆ.

"ಸರ್, ನೀವು ಮೀನಿನ ಸಾಹೇಬ್ರು ಹೌದಲ್ರಿ? ಈ ಕೆಲಸಾ ಹೆಂಗಿರತೈತಿ, ಖರೇ ಹೇಳ್ರಿ" ಅಂದಳು.

"ನೋಡವಾ, ನೀರಿಲ್ಲದ ಸೀಮ್ಯಾಗ ನೀರು ಹುಡುಕಬೇಕು, ಮೀನು ತಿನ್ನಲಾರದ ಊರಾಗ ಮೀನು ಬೆಳಸಬೇಕು. ಉಳಿದದ್ದೆಲ್ಲಾ ಹಗುರೈತಿ" ಅಂದೆ.

ಆಕೆ ನಕ್ಕಳು. ಅಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದಳು. ಮನೆಗೆ ಬಂದ ಮೇಲೆ ನನಗೇ ಕಸಿವಿಸಿಯಾಯಿತು. ಹುಡುಗಿ ಮನಸ್ಸಿಟ್ಟು ಕೇಳಿದ್ದಕ್ಕೆ ನಾನು ಚಹಾದಂಗಡಿಯ ಉತ್ತರ ಕೊಟ್ಟು ಕಳಿಸಿದ್ದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಬಡ್ತಿ, ವರ್ಗಾವಣೆಗಳ ಪುರಾಣ ಇದರಲ್ಲಿ ಇಲ್ಲ. ಅದು ಕೇಳುವವರಿಗೆ ನಿದ್ದೆ ತರಿಸುತ್ತದೆ, ಹೇಳುವವನಿಗೆ ಸಿಟ್ಟು ತರಿಸುತ್ತದೆ.

ನನ್ನ ಕೆಲಸ ಇಷ್ಟೇ ಇತ್ತು: ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಕೆರೆಗಳಿಗೆ ಮೀನುಮರಿ ತಂದು ಬಿಡುವುದು, ಅವು ಬದುಕುವಂತೆ ನೋಡಿಕೊಳ್ಳುವುದು. ನಾನು ಹುಟ್ಟಿದ್ದು ಮೀನು ಇರಲಿ, ಮೊಟ್ಟೆಯ ಸಿಪ್ಪೆಯೂ ಒಳಗೆ ಬರದ ಮನೆಯಲ್ಲಿ. ಮೊದಲ ದಿನ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡ ಸಾಹೇಬರು ಕರಾವಳಿಯವರು. ಎರೆಮಣ್ಣಿನ ಈ ಬಯಲು ನೋಡಿ ಅವರಿಗೆ ಬೆಳಗಿನಿಂದಲೇ ಅಳು ಬಂದಿತ್ತು.

"ಯಾವ ಮೀನು ತಿಂತೀರಿ ನೀವು?" ಎಂದು ಕೇಳಿದರು.

"ನಾವು ತಿನ್ನಂಗಿಲ್ರಿ ಸಾಹೇಬ್ರ."

"ಮೀನು ತಿನ್ನದವನಿಗೆ ಮೀನಿನ ವಿಷಯ ಏನು ಗೊತ್ತಾಗ್ತದೆ ಮಾರಾಯ್ರೇ?"

"ದನದ ಡಾಕ್ಟ್ರು ಹುಲ್ಲು ತಿಂತಾರೇನ್ರಿ?"

ವಯಸ್ಸಿನ ಹುರುಪಿನಲ್ಲಿ ಬಾಯಿಂದ ಬಿದ್ದ ಮಾತು. ಕೆಲಸ ಹೋಯಿತು ಅಂದುಕೊಂಡೆ. ಆ ಮನುಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನಗೆ ಇಡೀ ವೃತ್ತಿಗೆ ಸಾಲುವ ಒಂದೇ ಒಂದು ಪಾಠ ಹೇಳಿಕೊಟ್ಟರು. ಮೀನುಮರಿಗಳು ನೀರೂ ಗಾಳಿಯೂ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಕೆರೆ ಸಿಕ್ಕಿತು ಅಂತ ಚೀಲ ಹರಿದು ಸುರಿದರೆ ಅರ್ಧಕ್ಕರ್ಧ ಅಲ್ಲೇ ಸಾಯುತ್ತವೆ, ಯಾಕೆಂದರೆ ಚೀಲದ ನೀರಿನ ಬಿಸಿ ಬೇರೆ, ಕೆರೆಯ ನೀರಿನ ಬಿಸಿ ಬೇರೆ. ಬಾಯಿ ಕಟ್ಟಿದ ಚೀಲವನ್ನು ಕೆರೆಯ ಮೇಲೆ ತೇಲಿಬಿಟ್ಟು ಸುಮ್ಮನೆ ಕೂಡಬೇಕು. ಎರಡೂ ನೀರಿನ ಬಿಸಿ ಒಂದಾದ ಮೇಲೆ ಬಾಯಿ ಬಿಚ್ಚಬೇಕು. ಕೆರೆಯ ನೀರು ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟು, ಮರಿಗಳು ತಾವಾಗಿಯೇ ಹೊರಗೆ ಈಜಿಕೊಂಡು ಹೋಗಲು ಬಿಡಬೇಕು. ರೇಣುಕಾ, ನೀನು ಉಳಿದದ್ದನ್ನೆಲ್ಲ ಮರೆತರೂ ಇದನ್ನು ಮರೆಯಬೇಡ.

ಆ ಚೀಲಗಳನ್ನು ಸಾಗಿಸುವುದು ಮಾತ್ರ ದೊಡ್ಡ ಫಜೀತಿ. ಒಂದು ಸಲ ಜೀಪು ಕೆಟ್ಟು ಕುಂದಗೋಳದಿಂದ ಬಸ್ಸಿನಲ್ಲೇ ಹೊರಟಿದ್ದೆ. ಹಿಂದಿನ ಸೀಟಿನ ಮೊಳೆಗೆ ತಾಗಿ ಒಂದು ಚೀಲ ಹರಿಯಿತು. ನೀರೆಲ್ಲ ಬಸ್ಸಿನ ತುಂಬ, ನೀರಿನ ಜೊತೆಗೆ ಪಟಪಟ ಒದ್ದಾಡುವ ಮರಿಗಳು. ನಾನು "ಅಯ್ಯಯ್ಯೋ, ಸತ್ತುವ್ರೀ!" ಅಂತ ಒದರಿದ್ದೇ ತಡ, ಬಸ್ಸಿನಲ್ಲಿದ್ದವರೆಲ್ಲ ಬಗ್ಗಿ ಆರಿಸತೊಡಗಿದರು. ಒಬ್ಬರು ಟಿಫಿನ್ ಡಬ್ಬಿ ತೆಗೆದರು, ಒಬ್ಬರು ನೀರಿನ ಬಾಟಲಿ. ಹಣೆತುಂಬ ವಿಭೂತಿ ಹಚ್ಚಿದ್ದ ಒಬ್ಬ ಮುದುಕಿ, ದೇವರಿಗೆ ಅಂತ ಮಡಿಯಿಂದ ನೀರು ಒಯ್ಯುತ್ತಿದ್ದ ತಂಬಿಗೆಯ ಬಾಯಿ ತೆರೆದು, "ಹಾಕೋ ಯಪ್ಪಾ, ಜೀವ ಅದಾವ, ಇದರಾಗ ಹಾಕು" ಅಂದಳು. ಮರಿ ಹಾಕಿದೆ. ಮುಖ ಅತ್ತ ತಿರುಗಿಸಿಕೊಂಡು, ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಡ್ರೈವರ್ ಊರು ಬಿಟ್ಟು ಕೆರೆಯ ದಂಡೆಗೇ ಬಸ್ಸು ತಂದು ನಿಲ್ಲಿಸಿದ. ಅಷ್ಟೂ ಜನ ಇಳಿದು ಡಬ್ಬಿ, ಬಾಟಲಿ, ತಂಬಿಗೆಗಳನ್ನು ನೀರಿನಲ್ಲಿ ತೇಲಿಸಿ ಹಿಡಿದುಕೊಂಡು ನಾನು ಹೂಂ ಅನ್ನುವವರೆಗೆ ಕಾದರು. ಅಂಥಾ ಸಿಬ್ಬಂದಿ ನನಗೆ ಮತ್ತೆಂದೂ ಸಿಗಲಿಲ್ಲ.

ಇನ್ನು ನನ್ನ ದಡ್ಡತನ. ನವಲಗುಂದ ಕಡೆಯ ಒಂದು ಊರಿನಲ್ಲಿ ಕುಡಿಯುವ ನೀರಿನ ಕೆರೆಗೆ ಮೀನು ಬಿಡಬೇಕಿತ್ತು. ಜಾಲಿ ಮರದ ಕೆಳಗೆ ಸಭೆ ಸೇರಿತು. "ನಾವು ಕುಡಿಯೂ ನೀರಾಗ ಮೀನೇನ್ರಿ?" ಎಂದು ಹಿರಿಯರು ಮುಖ ಗಂಟು ಹಾಕಿದರು. ನಾನು ಬುದ್ಧಿ ಓಡಿಸಿ, "ಇದು ಹುಲ್ಲುಗೆಂಡಿ ಮೀನ್ರಿ. ಕೆರ್ಯಾಗಿನ ಜೊಂಡು ತಿಂದು ನೀರು ಸ್ವಚ್ಛ ಮಾಡತೈತಿ. ಅಗದಿ ಶಾಖಾಹಾರಿ, ನಿಮ್ಮಂಗ, ನಮ್ಮಂಗ" ಅಂದೆ. ಸಭೆಗೆ ಸಭೆಯೇ ಒಪ್ಪಿತು. ಮೀನು ಬಿಟ್ಟೆ, ಚೆನ್ನಾಗಿ ಬೆಳೆದವು. ಹಿಡಿಯುವ ಕಾಲಕ್ಕೆ ಬಲೆಯವರನ್ನು ಕರೆದುಕೊಂಡು ಹೋದರೆ ಊರವರು ದಂಡೆಯ ಮೇಲೆ ಸಾಲಾಗಿ ನಿಂತಿದ್ದರು. "ನೀವ ಹೇಳೀರಲ್ರಿ, ನಮ್ಮಂಗ ಶಾಖಾಹಾರಿ ಅಂತ. ನಮ್ಮವರನ್ನ ಹೆಂಗ ಹಿಡಿದು ಕೊಡೂದ್ರಿ?" ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡಿದ್ದೆ. ಆ ಕೆರೆಯ ಮೀನುಗಳು ಊರವರು ಹಾಕಿದ ಚುರುಮುರಿ ತಿಂದುಕೊಂಡು, ಹಂದಿಯ ಗಾತ್ರಕ್ಕೆ ಬೆಳೆದು, ನನಗಿಂತ ಮೊದಲೇ ಸುಖವಾಗಿ ನಿವೃತ್ತಿಯಾದವು.

ಆದರೆ ಒಂದು ಮಾತು ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಇಡೀ ಉದ್ಯೋಗದಲ್ಲಿ ನಾನು ಒಂದೇ ಒಂದು ಮೀನು ತನ್ನ ಪಾಡಿಗೆ ತಾನು ಬದುಕುವುದನ್ನು ನೋಡಿರಲಿಲ್ಲ. ನಮ್ಮ ಕೆರೆಗಳ ನೀರು ಹಾಲು ಹಾಕಿದ ಚಹಾದ ಬಣ್ಣದ್ದು. ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಚೀಲದಲ್ಲಿ ಮರಿ ನೋಡುತ್ತಿದ್ದೆ, ಆಮೇಲೆ ಬಲೆಯಲ್ಲಿ ಸತ್ತ ಮೀನು ನೋಡುತ್ತಿದ್ದೆ. ನಡುವೆ ಏನು ನಡೆಯಿತು ಅನ್ನುವುದು ಬರೀ ಗುಳ್ಳೆ ನೋಡಿ ಅಂದಾಜು ಮಾಡುವ ಬಾಬತ್ತು.

ಇನ್ನು ಮನೆಯಲ್ಲಿ. ನನ್ನ ಹೆಂಡತಿ ಗಿರಿಜಾ ಅಣ್ಣಿಗೇರಿಯವಳು, ಶಾಲೆಯ ಶಿಕ್ಷಕಿಯಾಗಿದ್ದವಳು. ಮದುವೆಯಾದ ವಾರದಲ್ಲೇ ಕಾಯಿದೆ ಮಾಡಿದಳು. ಕೆರೆಯಿಂದ ಬಂದರೆ ಹಿತ್ತಲ ಬಾಗಿಲಿಂದ ಬರಬೇಕು, ಬಚ್ಚಲಲ್ಲಿ ಜಳಕ ಮಾಡಿ ಬೇರೆ ಬಟ್ಟೆ ಉಟ್ಟ ಮೇಲೆ ಒಳಗೆ ಹೆಜ್ಜೆ ಇಡಬೇಕು. ಮೀನಿನ ಚಿತ್ರವಿದ್ದ ಇಲಾಖೆಯ ಕ್ಯಾಲೆಂಡರನ್ನು ದನದ ಕೊಟ್ಟಿಗೆಯಲ್ಲಿ ತೂಗುಹಾಕಿದಳು. ಎಮ್ಮೆ ತಿಥಿ ನೋಡುತ್ತಿತ್ತು. ತವರಿನಲ್ಲಿ, "ನಮ್ಮ ಮನಿಯವರು ನೀರಿನ ಇಲಾಖ್ಯಾಗ ಅದಾರ" ಅಂತ ಹೇಳಿಬಿಟ್ಟಿದ್ದಳು. ಆಕೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ವಾಸನೆ ನನ್ನದೇ ಅಲ್ಲವೇ? ಆದರೆ ಒಂದು ಆಸೆ ಮಾತ್ರ ಒಳಗೇ ಕೂತಿತ್ತು. ಒಮ್ಮೆಯಾದರೂ ಆಕೆ ನನ್ನ ಕೆಲಸದ ಕಡೆ ಮುಖ ತಿರುಗಿಸಿ ನೋಡಬೇಕು, ನೋಡಿ 'ಚಲೋ ಐತಿ' ಅನ್ನಬೇಕು. ನಿವೃತ್ತಿಯ ದಿನ ಇಲಾಖೆಯ ಸನ್ಮಾನದ ಶಾಲು ಹೊದ್ದಾಗಲೂ ನನ್ನ ತಲೆಯಲ್ಲಿದ್ದದ್ದು ಅದೊಂದೇ.

ಆ ಶಾಲಿನ ಜೊತೆಗೆ ನನ್ನ ಸಹೋದ್ಯೋಗಿಗಳು ನೀರೊಳಗೂ ಫೋಟೋ ತೆಗೆಯುವ ಒಂದು ಪುಟ್ಟ ಕ್ಯಾಮೆರಾ ಕೊಟ್ಟರು. "ಜೀವನಪೂರ್ತಿ ನೀರಾಗ ಏನ್ ನಡದೈತೋ ಅಂತ ಗೊಣಗತಿದ್ರಿ. ಹೋಗಿ ನೋಡ್ಕೊಂಡ ಬರ್ರಿ" ಅಂದರು. ಗಿರಿಜಾ ಅದನ್ನು ಉಪ್ಪಿನಕಾಯಿಯ ಡಬ್ಬಿ ಅಂದುಕೊಂಡು ಅಡುಗೆಮನೆಯ ಗೋಡೆಯ ಗೂಡಿನಲ್ಲಿ ಇಟ್ಟಿದ್ದಳು.

ಹೋದ ಚಳಿಗಾಲದಲ್ಲಿ ನಿವೃತ್ತರ ಒಂದು ತಂಡದ ಜೊತೆ ಅಂಡಮಾನಿಗೆ ಹೊರಟೆವು. ವಿಮಾನದಲ್ಲಿ ನಮ್ಮ ಸಾಲಿನ ತುಂಬ ಜೋಳದ ಕಟಕ್ ರೊಟ್ಟಿಯ ಸಪ್ಪಳ, ಶೇಂಗಾ ಚಟ್ನಿಯ ಘಮ. ಅಲ್ಲಿ ಇಳಿದು ದಂಡೆಗೆ ಹೋಗಿ ಸಮುದ್ರ ಕಂಡ ಕೂಡಲೇ ಗಿರಿಜಾ ಚೀಲದಿಂದ ಖಣ, ತೆಂಗಿನಕಾಯಿ, ಎಲೆ ಅಡಿಕೆ ತೆಗೆದಳು. ನಮ್ಮ ಕಡೆ ಕೆರೆ ತುಂಬಿದರೆ ಹೆಣ್ಣುಮಕ್ಕಳು ಹೋಗಿ ಇವನ್ನೆಲ್ಲ ನೀರಿಗೆ ಬಿಟ್ಟು ಗಂಗವ್ವನ ಉಡಿ ತುಂಬುತ್ತಾರೆ. ದೋಣಿಯ ಗೈಡು, ಬಿಸ್ವಾಸ್ ಅಂತ, ನಡುವಯಸ್ಸಿನ ದಪ್ಪನೆಯ ಮನುಷ್ಯ, ಓಡಿ ಬಂದು ಹಿಂದಿಯಲ್ಲಿ ಕೈ ಮುಗಿದ. ಇಲ್ಲಿ ನೀರಿಗೆ ಏನೂ ಹಾಕಬಾರದಂತೆ. ಆಕೆ ಸಮುದ್ರವನ್ನು ಆ ತುದಿಯಿಂದ ಈ ತುದಿಯವರೆಗೆ ಒಮ್ಮೆ ನೋಡಿದಳು.

"ಹೋಗಲಿ ಬಿಡ್ರಿ. ನಮ್ಮ ಕೆರಿ ಗಂಗವ್ವ ಯಾವಾಗರ ಒಮ್ಮೆ ತುಂಬತಾಳ, ಅದಕ್ಕ ಉಡಿ ತುಂಬತೀವಿ. ಇಕಿ ಯಾವಾಗಲೂ ತುಂಬಿದಾಕಿನ, ನಾವೇನ ತುಂಬೂದು?" ಅಂದು ಎಲ್ಲವನ್ನೂ ತಿರುಗಿ ಚೀಲದೊಳಗಿಟ್ಟಳು.

ಹವಳದ ದಿಬ್ಬದ ಮೇಲೆ ದೋಣಿ ನಿಂತಿತು. ಬಿಸ್ವಾಸ್ ಕಣ್ಣಿಗೆ ಗಾಜಿನ ಕನ್ನಡಕ, ಬಾಯಿಗೆ ಕೊಳವೆ, ಮೈಗೆ ಲೈಫ್ ಜಾಕೆಟ್ ಕಟ್ಟಿದ. ಕಾಲಿಗೆ ಬಾತುಕೋಳಿಯ ಪಾದ. ಮುಖ ನೀರಲ್ಲಿಟ್ಟು ಬಾಯಿಂದ ಉಸಿರಾಡಬೇಕು, ಮೂಗು ಮರೆತುಬಿಡಬೇಕು, ಅವಸರ ಮಾಡಬೇಡಿ, ಏಣಿ ಹಿಡಿದು ನಿಧಾನವಾಗಿ ಇಳಿಯಿರಿ ಅಂದ. ನನಗೇ ಹೇಳುತ್ತಾನಲ್ಲ ಇವನು ಅನ್ನಿಸಿತು. ಮೀನಿನ ಇಲಾಖೆಯವನು ನಾನು! ಗಿರಿಜಾ ನೋಡುತ್ತಿದ್ದಾಳೆ ಬೇರೆ. ಏಣಿ ಬಿಟ್ಟು ದೋಣಿಯ ಅಂಚಿನಿಂದ ಧುಡುಂ ಅಂತ ಹಾರಿದೆ.

ಕೊಳವೆಯಲ್ಲಿ ಸಮುದ್ರ ಬಂತು. ಮೂಗಿನಲ್ಲಿ ಸಮುದ್ರ ಬಂತು. ನಾನು ಕೆಮ್ಮುತ್ತ, ಕಾಲು ಬಡಿಯುತ್ತ, ನನ್ನ ಹಿಂದೆಯೇ ನೀರಿಗಿಳಿದ ಬಿಸ್ವಾಸನ ಕುತ್ತಿಗೆ ಹಿಡಿದು ನೇತಾಡಿದೆ. ಸಾವಿರಾರು ಚೀಲಗಳನ್ನು ತಾಳ್ಮೆಯಿಂದ ತೇಲಿಬಿಟ್ಟು ಕೂತವನು ನನ್ನ ಚೀಲವನ್ನು ಮಾತ್ರ ಹರಿದು ಸುರಿದುಕೊಂಡಿದ್ದೆ. ದೋಣಿಯ ಮೇಲಿಂದ ಗಿರಿಜಾ, "ಏನ್ರೀ! ಏನ್ ಮಾಡಾಕತ್ತೀರಿ? ಮ್ಯಾಲ ಬರ್ರಿ ಸಾಕ!" ಅಂತ ಚೀರುತ್ತಿದ್ದಳು.

ಉಸಿರು ಹಿಡಿತಕ್ಕೆ ಬಂದ ಮೇಲೆ ಮುಖ ಮುಳುಗಿಸಿ ಕಣ್ಣು ಬಿಟ್ಟೆ. ಮೀನು! ಗುಳ್ಳೆ ಅಲ್ಲ, ಅಂದಾಜು ಅಲ್ಲ, ಮೀನು! ಅರಿಷಿಣದ ಮೇಲೆ ಕಪ್ಪು ಪಟ್ಟಿ ಬಳಿದವು, ನೀಲಿಯವು, ಬಾಯಿ ಮುಂದೆ ಮಾಡಿದವು, ಹೆಗಲ ಪಕ್ಕದಲ್ಲೇ ಗುಂಪಾಗಿ ತಿರುಗುವವು. ಕನ್ನಡಕದೊಳಗೆ ನೀರು ಬಂದದ್ದು ಸಮುದ್ರದ್ದೋ ನನ್ನದೋ ಗೊತ್ತಾಗಲಿಲ್ಲ. ಕ್ಯಾಮೆರಾ ಒತ್ತಿದ್ದೇ ಒತ್ತಿದ್ದು. ನಾನು ಬೆನ್ನು ಹತ್ತಿದರೆ ಅವು ಓಡುತ್ತಿದ್ದವು, ಇನ್ನೂ ಜೋರಾಗಿ ಹತ್ತಿದರೆ ಇನ್ನೂ ಜೋರಾಗಿ ಓಡುತ್ತಿದ್ದವು. ಕೊನೆಗೆ ತಳದಲ್ಲಿ ಒಂದು ದಪ್ಪನೆಯ ಕಂದು ಮೀನು ಸಿಕ್ಕಿತು. ಅಲುಗಾಡಲಿಲ್ಲ. ಎಡದಿಂದ ತೆಗೆದೆ, ಬಲದಿಂದ ತೆಗೆದೆ, ಎದುರಿನಿಂದ ತೆಗೆದೆ. ಎಂಥಾ ಸಹಕಾರ, ಎಂಥಾ ಸಂಯಮ!

ದೋಣಿ ಹತ್ತಿ ಬಿಸ್ವಾಸನಿಗೆ ಚಿತ್ರಗಳನ್ನು ತೋರಿಸಿದೆ. ನನ್ನ ಹೆಬ್ಬೆರಳು, ಮೀನಿನ ಬಾಲ, ಯಾರದೋ ಕಾಲು, ಮತ್ತೆ ನನ್ನ ಹೆಬ್ಬೆರಳು. ಆ ಕಂದು ಮೀನು ಬಂದಾಗ ಅವನು ತುಟಿ ಕಚ್ಚಿಕೊಂಡ.

"ಅಂಕಲ್, ಯೇ ಮಛಲಿ ನಹೀ ಹೈ" ಅಂದ. ಮೀನಲ್ಲವಂತೆ. ಅದು ಮೈಮೇಲೆ ಮರಳು ಹೊದ್ದು ಬಿದ್ದುಕೊಂಡಿರುವ ಬೇರೊಂದು ಜೀವಿ, ಅದಕ್ಕೆ ಕಡಲ ಸೌತೆ ಅನ್ನುತ್ತಾರಂತೆ.

"ಏನಂತಾನವ?" ಗಿರಿಜಾ ಕೇಳಿದಳು.

"ಏನಿಲ್ಲ ಬಿಡು. ಸೌತಿಕಾಯಿ ಅಂತ."

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು, ಆದರೂ ನಗು ತಡೆಯಲಾಗಲಿಲ್ಲ. "ಇಷ್ಟ ವರ್ಷ ಮೀನಿನ ಸಾಹೇಬ್ರಂತ ಮೆರದ್ರಿ. ಕಡೀಕ ಇಷ್ಟು ದೂರ ಬಂದು ಕಾಯಿಪಲ್ಲೆ ಫೋಟೋ ತಗದ್ರಿ!" ಇಡೀ ದೋಣಿಗೆ ದೋಣಿಯೇ ನಕ್ಕಿತು. ನಾನೂ ನಕ್ಕೆ. ಆಕೆಗೆ ತೋರಿಸಬೇಕಂತ ಬಂದವನು ತೋರಿಸಿದ್ದು ಹೆಬ್ಬೆರಳು. ಮರುದಿನವೊಂದೇ ಉಳಿದಿತ್ತು.

ಮರುದಿನ ತಂಡದವರು ಅಂಗಡಿ ಸುತ್ತಲು ಹೋದರು. ದಂಡೆಯ ಹತ್ತಿರವೇ ಹವಳವಿದ್ದ ಒಂದು ಕಡೆ ಬಿಸ್ವಾಸ್ ನಮ್ಮನ್ನು ಕರೆದುಕೊಂಡು ಹೋದ. ನಾನು ನೇರವಾಗಿಯೇ ಕೇಳಿದೆ.

"ಗಿರಿಜಾ, ಒಮ್ಮೆ ಮುಖ ಮುಳುಗಿಸಿ ನೋಡ. ಫೋಟೋ ನನ್ನ ಕೈಲಿ ಆಗೂದಿಲ್ಲ. ನೀನ ನೋಡಿದ್ರ ಮುಗೀತು. ಇನ್ನ ಮ್ಯಾಲ ಮೀನಿನ ಮಾತ ಎತ್ತಂಗಿಲ್ಲ."

"ನನಗ ನೀರಂದ್ರ ಕೈಕಾಲು ನಡಗತಾವ, ನಿಮಗ ಗೊತ್ತಿಲ್ಲೇನು? ನಿನ್ನೆ ನಿಮ್ಮ ಅವತಾರ ನೋಡಿನಲ್ಲ ಬ್ಯಾರೆ."

"ನಾ ನಿನ್ನೆ ಹಾರಿದ್ದು ತಪ್ಪ. ಇವತ್ತ ಹಾರೂದು ಬ್ಯಾಡ. ಬರೇ ಕೂಡೂಣು."

ನಮ್ಮ ಮಗಳು ಕೊಟ್ಟು ಕಳಿಸಿದ್ದ ಚೂಡಿದಾರ ಹಾಕಿಕೊಂಡು, ಅದರ ಮೇಲೆ ಲೈಫ್ ಜಾಕೆಟ್ ಕಟ್ಟಿಸಿಕೊಂಡು, ಯಾರಾದರೂ ಊರವರು ನೋಡುತ್ತಾರೇನೋ ಎಂದು ಅತ್ತಿತ್ತ ನೋಡುತ್ತ ಆಕೆ ಬಂದಳು. ಮೊಣಕಾಲುದ್ದ ನೀರಿನಲ್ಲಿ ಕೂತೆವು. ಕೈಯಲ್ಲಿ ಕೈ ಹಿಡಿದುಕೊಂಡು, ಏನೂ ಮಾಡದೆ ಕೂತೆವು. ಶಾಲೆಯ ಸುದ್ದಿ, ಮಗಳ ಸುದ್ದಿ, ಈ ಸಲದ ಮೆಣಸಿನಕಾಯಿಯ ಸುದ್ದಿ ಮಾತಾಡಿದೆವು. ಬಿಸ್ವಾಸ್ ಎರಡು ಸಲ ಹೋಗೋಣವೇ ಅಂತ ಸನ್ನೆ ಮಾಡಿದ, ತಡಿ ಅಂದೆ. ಆಕೆಯ ಬೆರಳು ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದಿತ್ತು. ಅದು ಸಡಿಲಾಗುವವರೆಗೂ ಕಾದೆ. ಆಮೇಲೆ ಸೊಂಟದುದ್ದ ನೀರಿಗೆ ಸರಿದೆವು, ಮತ್ತೆ ಕಾದೆವು. ಮೊದಲು ಬರೀ ಕನ್ನಡಕ ಹಾಕಿಸಿದೆ, ಆಮೇಲೆ ಕೊಳವೆ.

ಆಗ ಆಕೆ ಕಣ್ಣು ಸಣ್ಣದು ಮಾಡಿ ನನ್ನನ್ನು ನೋಡಿದಳು. "ಖರೇ ಹೇಳ್ರಿ. ಇದು ನೀವು ಮೀನಿನ ಮರಿಗೆ ಮಾಡೂದ ಹೌದಲ್ಲೋ?"

"ನಿನಗ ಹೆಂಗ ಗೊತ್ತು?"

"ನಿದ್ದ್ಯಾಗ ಸೈತ ಬಡಬಡಿಸತಿದ್ರಿ, ಚೀಲ ಹರೀಬ್ಯಾಡ್ರೋ, ತೇಲಿಬಿಡ್ರೋ ಅಂತ. ಮನ್ಯಾಗ ಮೀನಿನ ಸುದ್ದಿ ಬ್ಯಾಡ ಅಂದಿದ್ದೆ, ನಿದ್ದಿಗೆ ಕಾಯಿದೆ ಹಾಕಾಕ ಬರತೈತೇನು?"

ಅಷ್ಟು ಹೇಳಿ ಆಕೆಯೇ ಮುಖ ಮುಳುಗಿಸಿದಳು.

ನನ್ನ ಎರಡೂ ಕೈ ಆಕೆಯನ್ನು ಹಿಡಿದಿದ್ದರಿಂದ ಕ್ಯಾಮೆರಾ ಆಕೆಯ ಮಣಿಕಟ್ಟಿನಲ್ಲಿತ್ತು. ಹೆದರಿಕೆಗೆ ಆಕೆ ಕೈಕಾಲು ಆಡಿಸಲೇ ಇಲ್ಲ, ತೇಲಿಬಿಟ್ಟ ಹಾಗೆ ಸುಮ್ಮನೆ ಬಿದ್ದುಕೊಂಡಳು. ನಾನು ನಿನ್ನೆ ಅಟ್ಟಿಸಿಕೊಂಡು ಹೋದಂಥವೇ ಮೀನುಗಳು ಇವತ್ತು ಒಂದೊಂದೇ ಬಂದು ಆಕೆಯ ಸುತ್ತ ತಿರುಗಿದವು. ಮೈಯೆಲ್ಲ ಹಸಿರು, ತುಟಿಗೆ ಗುಲಾಬಿ ಬಣ್ಣವಿದ್ದ ದೊಡ್ಡದೊಂದು ಗಿಳಿಮೀನು ಆಕೆಯ ಮೂಗಿನ ಕೆಳಗೇ ಹವಳ ಕಚ್ಚತೊಡಗಿತು. ಪಕ್ಕದಲ್ಲೇ ಮುಖ ಮುಳುಗಿಸಿದ್ದ ನನಗೂ ಅದರ ಸಪ್ಪಳ ಕೇಳಿಸಿತು. ಆಕೆಯ ಬೆರಳು ಕ್ಯಾಮೆರಾದ ಗುಂಡಿ ಒತ್ತುತ್ತಿತ್ತು.

ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಕೊಳವೆ ಕಿತ್ತಳು. ಕೂದಲು ಮುಖಕ್ಕೆ ಅಂಟಿತ್ತು, ಕನ್ನಡಕದ ಗುರುತು ಕೆನ್ನೆಯ ಮೇಲೆ ಮೂಡಿತ್ತು.

"ಏನ್ರಿ! ಅದು ಕಟಕ್ ರೊಟ್ಟಿ ತಿಂದಂಗ ಕುರುಕುರು ಅಂತೈತ್ರಿ! ಏನ್ ತಿಂತೈತ್ರಿ ಅದು?"

"ಹವಳದ ಮ್ಯಾಲಿನ ಪಾಚಿ."

"ನೋಡ್ರಿ ಮತ್ತ, ನಮ್ಮಂಗ ಶಾಖಾಹಾರಿ!" ಅಂದಳು. ಆ ಮಾತು ಒಂದು ಊರಿಗೆ ಹೇಳಿ ಅನುಭವಿಸಿದವನು ನಾನು.

ಕೂದಲು ಹಿಂದಕ್ಕೆ ತಳ್ಳಿಕೊಂಡು ಆಕೆ ಕೇಳಿದಳು, "ನೀವು ಕೆರ್ಯಾಗ ಬಿಡತಿದ್ರಲ್ಲ, ಅವೂ ಒಳಗ ಹಿಂಗ ಇರತಿದ್ವೇನ್ರಿ?"

"ಈ ಬಣ್ಣ ಇರಲಿಲ್ಲ. ಆದರ ಹಿಂಗ ಓಡಾಡಿಕೊಂಡು ಇರತಿದ್ವು ಅಂತ ಕಾಣತೈತಿ. ನಾನೂ ಎಲ್ಲಿ ನೋಡೀನಿ?"

"ನೋಡಲಾರದ ಅಷ್ಟು ವರ್ಷ ಹೆಂಗ ಮಾಡಿದ್ರಿ?"

ನಾನು ಬಗ್ಗಿ ಕನ್ನಡಕ ತೊಳೆಯತೊಡಗಿದೆ. ಆಕೆ 'ಚಲೋ ಐತಿ' ಅನ್ನಲಿಲ್ಲ. "ಇನ್ನೊಮ್ಮೆ ಹೋಗೂಣು ನಡೀರಿ" ಅಂದಳು.

ಊರಿಗೆ ಬಂದ ಮೇಲೆ ನನ್ನ ಚಿತ್ರಗಳನ್ನೆಲ್ಲ ಅಳಿಸಿದೆವು. ಆಕೆ ತೆಗೆದ ಗಿಳಿಮೀನಿನದನ್ನು ಹುಬ್ಬಳ್ಳಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಳು. ಎಲ್ಲಿ ಹಾಕುತ್ತಾಳೆ ಅಂತ ನಾನು ಕೇಳಲಿಲ್ಲ. ಮುಂದಿನ ಪಡಸಾಲೆಯಲ್ಲಿ, ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಬೀಳುವ ಗೋಡೆಗೆ ಮೊಳೆ ಹೊಡೆದಳು.

ಇಷ್ಟು ಬರೆದು ಮುಗಿಸಿದೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಮೊನ್ನೆ ರೇಣುಕಾ ಫೋನು ಮಾಡಿ, "ಸರ್, ಮೊದಲನೇ ಸಲ ಮರಿ ಬಿಡಾಕತ್ತೀನಿ, ಬಾಜೂಕ ನಿಂತಕೊಳ್ರಿ ಸಾಕ" ಅಂದಳು. ಹೋದೆ. ಚೀಲ ತೇಲಿಬಿಟ್ಟು ಇಬ್ಬರೂ ದಂಡೆಯ ಮೇಲೆ ಕೂತೆವು. ಹುಡುಗಿ ಅವಸರ ಮಾಡಲಿಲ್ಲ. ಒಂದೂ ಸಾಯಲಿಲ್ಲ.

ನಾನು ಮಾತ್ರ ಕಾಲು ಜಾರಿ ಸೊಂಟದವರೆಗೆ ಕೆಸರಾಗಿ, ಮೈತುಂಬ ಹಳೆಯ ವಾಸನೆ ಹೊತ್ತುಕೊಂಡು ಮನೆಗೆ ಬಂದೆ. ಹೊರಗೆ ಕಾರು ನಿಂತಿತ್ತು. ಗಿರಿಜಾಳ ಅಣ್ಣ ಅಣ್ಣಿಗೇರಿಯಿಂದ ಬಂದಿದ್ದರು. ಹಳೆಯ ಕಾಯಿದೆಯಂತೆ ಗೋಡೆಯ ಬದಿ ಹಿಡಿದು, ಸಪ್ಪಳ ಮಾಡದೆ ಹಿತ್ತಲ ಕಡೆ ಹೊರಟೆ.

"ಏನ್ರಿ, ಕಳ್ಳರಂಗ ಆ ಕಡೆ ಎಲ್ಲಿ ಹೊಂಟ್ರಿ? ಮುಂದಿನ ಬಾಗಲಾ ತಗದೈತಿ, ಹಿಂಗ ಬರ್ರಿ" ಅಂತ ಗಿರಿಜಾ ಕೂಗಿದಳು. ನಾನು ನನ್ನ ಪ್ಯಾಂಟು ತೋರಿಸಿದೆ. "ಕಾಣತೈತಿ. ಕಾಲು ಅಷ್ಟ ತೊಳಕೊಂಡ ಬರ್ರಿ."

ಕಾಲು ತೊಳೆದು ಹೊಸ್ತಿಲು ದಾಟಿದೆ. ಅಣ್ಣ ಗೋಡೆಯ ಮೇಲಿನ ಮೀನನ್ನು ನೋಡಿದರು, ನನ್ನ ಪ್ಯಾಂಟು ನೋಡಿದರು, ಮತ್ತೆ ಮೀನನ್ನು ನೋಡಿದರು.

"ಅಲ್ಲವಾ ಗಿರಿಜಾ, ಇವರು ನೀರಿನ ಇಲಾಖ್ಯಾಗ ಇದ್ರು ಅಂತಿದ್ದೆಲ್ಲಾ?"

"ಹೌದಣ್ಣಾ, ನೀರಿನ ಇಲಾಖಿನ. ಮೀನ ಮತ್ತೆಲ್ಲಿರತಾವ, ಅಟ್ಟದ ಮ್ಯಾಲೇನು?" ಅಂದಳು. ನನ್ನ ಕಡೆ ತಿರುಗಿ, "ನಿಂತೀರಲ್ಲ, ಕೂಡ್ರಿ. ಚಹಾ ತರತೀನಿ" ಅಂದಳು.

ಕೂತೆ. ಅಣ್ಣ ಮೂಗು ಮುರಿದು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಗಿರಿಜಾ ಚಹಾ ತಂದುಕೊಟ್ಟು, ನನ್ನ ಬಾಜೂಕಿನ ಕುರ್ಚಿಯಲ್ಲೇ ಕೂತಳು.